ಒಂದೇ ಕೈಯಲ್ಲಿ ಎದ್ದ ಕತ್ತು

ನಾನೊಂದು ಟ್ರೇಲರ್. ಈಗ ಮೀನು ಮಾರ್ಕೆಟ್ಟಿನ ಹಿಂದೆ, ಹೊನ್ನೆ ಮರದ ಬುಡದಲ್ಲಿ, ಚಕ್ರವೂ ಇಲ್ಲದೆ ಬಿದ್ದಿರುವ ನನ್ನನ್ನು ಕಂಡರೆ ನೀವು ನಂಬುವುದಿಲ್ಲ. ಕೆಲವರು ನನ್ನನ್ನು ಬೆಂಚು ಅನ್ನುತ್ತಾರೆ, ಕೆಲವರು ಗುಜರಿ ಅನ್ನುತ್ತಾರೆ. ಅನ್ನಲಿ ಬಿಡಿ, ಅನ್ನುವವರ ಬಾಯಿ ಮುಚ್ಚಲು ನನಗೆ ಕೈಯಿಲ್ಲ. ಆದರೆ ಒಂದು ಕಾಲದಲ್ಲಿ ಕ್ಯಾಬಿನ್ ಇರುವ ಒಂದು ದೋಣಿಯನ್ನೂ, ನೀರಿನ ಮೇಲೆ ಓಡುವ ಒಂದು ಸ್ಕೂಟರನ್ನೂ ಒಟ್ಟಿಗೆ ಹೊತ್ತು ಕಡಲಿಗೂ ಹೊಳೆಗೂ ತಿರುಗಿದವನು ನಾನು.

ನನ್ನ ಮೇಲೆ ಒಂದು ಸುಳ್ಳು ಕಟ್ಟಿದರು. ಅದರಿಂದ ನನಗೇನೂ ಆಗಲಿಲ್ಲ, ಕಬ್ಬಿಣಕ್ಕೆಂಥ ಮಾನ? ಹೋದದ್ದು ನನ್ನನ್ನು ಮಾಡಿದವನ ಹೆಸರು. ಅದನ್ನು ನೆನೆದಾಗಲೆಲ್ಲ ಈ ತುಕ್ಕು ಹಿಡಿದ ಮೈಯೂ ಉರಿಯುತ್ತದೆ. ಅದಕ್ಕಾಗಿಯೇ ಇಷ್ಟೆಲ್ಲ ಹೇಳುತ್ತಿರುವುದು.

ನಾನು ಹುಟ್ಟಿದ್ದು ಹೆಮ್ಮಾಡಿಯಲ್ಲಿ, ಫೆಲಿಕ್ಸ್ ಬೊತೆಲ್ಲೊ ಎಂಬವನ ವೆಲ್ಡಿಂಗ್ ಶಾಪಿನಲ್ಲಿ. ನಾನು ಜನರನ್ನು ನೋಡುವುದು ಕೆಳಗಿನಿಂದ. ಹಾಗಾಗಿ ಮೊದಲು ಕಂಡದ್ದು ಅವನ ಹಳೇ ಬೂಟು, ಕಿಡಿ ಬಿದ್ದು ಜರಡಿಯಾದ ಪ್ಯಾಂಟು. ಮುಖ ಕಂಡದ್ದು ಆಮೇಲೆ, ಅವನು ನನ್ನ ಅಡಿಗೆ ಮಲಗಿ ಬೆಸುಗೆ ಹಾಕುವಾಗ. ಫೆಲಿಕ್ಸನ ಬೆಸುಗೆಗೆ ಒಂದು ಗುರುತಿತ್ತು. ಸಾಲು ಮುಗಿಯುವಲ್ಲಿ ಅವನು ಒಂದು ಸಣ್ಣ ಸುರುಳಿ ಸುತ್ತಿ ಬಿಡುತ್ತಿದ್ದ. ಹೆಸರು ಬರೆಯುವ ಅಭ್ಯಾಸ ಅವನಿಗಿರಲಿಲ್ಲ, ಆ ಸುರುಳಿಯೇ ಅವನ ರುಜು.

ನನ್ನನ್ನು ಮಾಡಲು ಹೇಳಿದವನು ಜಯಕರ ಕಾಂಚನ್. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದು, ತ್ರಾಸಿಯ ಕಡಲ ದಂಡೆಯಲ್ಲಿ ಪ್ರವಾಸಿಗರನ್ನು ನೀರಾಡಿಸುವ ಕೆಲಸ ಶುರು ಮಾಡಿದ್ದ. ಹೆಂಡತಿ ಮಕ್ಕಳ ಜೊತೆ ಬಂದವರಿಗೆ ಕ್ಯಾಬಿನ್ ದೋಣಿ, ಮೀಸೆ ತಿರುವುವ ಹುಡುಗರಿಗೆ ಸ್ಕೂಟರ್. ಕಡಲು ಶಾಂತವಾಗಿದ್ದರೆ ಕಡಲಿಗೆ, ಎದ್ದರೆ ಹೊಳೆಗೆ. ಎರಡೂ ಕಡೆ ಎರಡನ್ನೂ ಸಾಗಿಸಬೇಕು.

"ಫೆಲಿಕ್ಸಣ್ಣ, ಎರಡನ್ನೂ ಒಂದ್ರಂಗೇ ಹೊತ್ಕಂಡ್ ಹೋಯ್ಕ್" ಎಂದ ಜಯಕರ. "ದೋಣಿಗ್ ಒಂದ್ಸಲ, ಸ್ಕೂಟರಿಗ್ ಒಂದ್ಸಲ ಓಡುಕೆ ನಂಗ್ ಪುರ್ಸೊತ್ತಿಲ್ಲೆ."

ಫೆಲಿಕ್ಸ್ ಮೂರು ದಿನ ಕಬ್ಬಿಣ ಮುಟ್ಟಲೇ ಇಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ನನ್ನನ್ನು ಬರೆದ, ಅಳಿಸಿದ, ಮತ್ತೆ ಬರೆದ. ದೋಣಿ ಎಷ್ಟು ಭಾರ, ಅದರ ಹಿಂಬದಿಗೆ ತೂಗುವ ಇಂಜಿನ್ ಎಷ್ಟು ಭಾರ, ಸ್ಕೂಟರ್ ಎಷ್ಟು ಭಾರ, ಎಲ್ಲವನ್ನೂ ಸರಪಣಿಗೆ ನೇತುಹಾಕಿ ತೂಗಿದ. ಕೊನೆಗೆ ನನಗೊಂದು ಉದ್ದ ಬೆನ್ನು ಮಾಡಿದ, ದೋಣಿಗೆ. ಬೆನ್ನಿನ ಮುಂದೆ ಜೀಪಿಗೆ ಸಿಕ್ಕಿಸುವ ಕತ್ತು ಮಾಡಿದ. ಆ ಕತ್ತಿನ ಮೇಲೆ ಅಡ್ಡಲಾಗಿ ಒಂದು ಹಲಗೆ, ಸ್ಕೂಟರಿಗೆ. ಚಕ್ರದ ಅಚ್ಚನ್ನು ಮಾತ್ರ ಬೆಸೆಯದೆ, ದೋಣಿ ಸ್ಕೂಟರುಗಳನ್ನು ನನ್ನ ಮೇಲೆ ಹೇರಿಸಿ, ಅಚ್ಚನ್ನು ಬೆರಳಷ್ಟು ಹಿಂದೆ, ಬೆರಳಷ್ಟು ಮುಂದೆ ಸರಿಸುತ್ತ ಕೂತ. ನೋಡುವವರಿಗೆ ಹುಚ್ಚು ಅನ್ನಿಸಬೇಕು.

ಒಂದು ಮಧ್ಯಾಹ್ನ ತಮ್ಮನನ್ನು ಕರೆದ. ತಮ್ಮ ವಿನ್ಸಿ ಅವನಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅಪ್ಪ ಹೋದ ಮೇಲೆ ಫೆಲಿಕ್ಸನೇ ಅವನನ್ನು ಸಾಕಿ, ಡ್ರೈವಿಂಗ್ ಕಲಿಸಿ, ಜಯಕರನಲ್ಲಿ ಜೀಪು ಓಡಿಸುವ ಕೆಲಸಕ್ಕೆ ಸೇರಿಸಿದ್ದ. ಅವರ ಮನೆಮಾತು ಕೊಂಕಣಿ. ಆದರೆ ಪಕ್ಕದಲ್ಲಿ ನಿಂತ ಜಯಕರನಿಗೂ ತಿಳಿಯಲಿ ಎಂದು ಫೆಲಿಕ್ಸ್ ಆ ದಿನ ಕನ್ನಡದಲ್ಲೇ ಹೇಳಿದ.

"ಇದ್ರ ಕತ್ತ್ ಎತ್ತ್ ಕಾಂಬ."

ವಿನ್ಸಿ ಒಂದು ಕೈ ಹಾಕಿದ, ನಾನು ಏಳಲಿಲ್ಲ. ಎರಡು ಕೈ ಹಾಕಿ ಮುಕ್ಕಿದ, ಏಳಲಿಲ್ಲ. ಫೆಲಿಕ್ಸ್ ಬಂದು ಜೊತೆಗೂಡಿದ ಮೇಲೆ ಎದ್ದೆ.

"ಸಮ ಆಯ್ತ್" ಎಂದ ಫೆಲಿಕ್ಸ್. "ನೆನ್ಪ್ ಇಟ್ಕೋ ವಿನ್ಸಿ. ಇಬ್ರ್ ಎತ್ತಿರೆ ಏಳ್ಕ್. ಒಬ್ಬ ಎತ್ತಿರೆ ಏಳುಕಾಗ. ಒಬ್ಬನೇ ಎತ್ತುಕಾತ್ತ್ ಅಂದ್ರೆ ಹಿಂದೆ ಭಾರ ಜಾಸ್ತಿ ಆಯ್ತ್ ಅಂದೇ ಅರ್ಥ. ಹಾಂಗೇನಾರೂ ಹೊರಡ್ಸಿರೆ ಬಾಲ ಅಲ್ಲಾಡ್ಸ್ತಾ ಬತ್ತ್, ಕಡಿಗೆ ಜೀಪನ್ನೂ ಎಳ್ಕಂಡ್ ಹೋತ್ತ್."

"ಆಯ್ತ್ ಮಾರಾಯಾ, ಎಷ್ಟ್ ಸಲ ಹೇಳ್ತೆ" ಎಂದು ಜಯಕರ ನಕ್ಕ. ಆಮೇಲೆ ಅಚ್ಚು ಬೆಸೆದರು, ನೀಲಿ ಬಣ್ಣ ಹೊಡೆದರು, ಕತ್ತಿಗೆ ಒಂದು ಮಲ್ಲಿಗೆ ಮಾಲೆ ಹಾಕಿದರು. ನನ್ನ ಬಾಳಿನಲ್ಲಿ ಹೂವು ಕಂಡದ್ದು ಅದೊಂದೇ ಸಲ.

ದೋಣಿಯ ಹೆಸರು ಜಲಕನ್ಯೆ. ಒಳ್ಳೆಯವಳು, ಪಾಪ, ಬೆನ್ನ ಮೇಲೆ ಕೂತರೆ ಕೂತ ಹಾಗೆ. ಸ್ಕೂಟರ್ ಮಾತ್ರ ಮಹಾ ಜಂಬದ್ದು. ಹಳದಿ ಬಣ್ಣ, ಕತ್ತಿನ ಮೇಲೆ ಕೂತು ದಾರಿಯುದ್ದಕ್ಕೂ ಮೆರೆಯುವುದು. ಊರವರು ನೋಡುವುದು ಅವೆರಡನ್ನೇ. ಮಕ್ಕಳು ಕೈ ಬೀಸಿದರೆ ಅವಕ್ಕೆ, ಫೋಟೋ ಹಿಡಿದರೆ ಅವಕ್ಕೆ. ಅಡಿಯಲ್ಲಿ ಒಬ್ಬ ಹೊರುವವನು ಇದ್ದಾನೆ ಎಂದು ಒಬ್ಬರಾದರೂ ಬಗ್ಗಿ ನೋಡಿದ್ದಿಲ್ಲ. ನೀರಿನ ಅಂಚಿಗೆ ಬಂದರೆ ಜೀಪು ನನ್ನನ್ನು ಹಿಂದಕ್ಕೆ ತಳ್ಳುವುದು. ಸೊಂಟದವರೆಗೆ ಉಪ್ಪು ನೀರು ಕುಡಿಸಿ, ಅವೆರಡೂ ತೇಲಿ ಹೋದ ಕೂಡಲೆ ನನ್ನನ್ನು ಎಳೆದು ಮರಳ ಮೇಲೆ ಬಿಸಿಲಿಗೆ ನಿಲ್ಲಿಸುವುದು. ಕಡಲನ್ನು ನಾನು ದಿನಾ ಮುಟ್ಟಿದ್ದೇನೆ, ಒಂದು ದಿನವೂ ಈಜಿಲ್ಲ.

ಆದರೂ ಆ ನಾಲ್ಕು ವರ್ಷ ಚೆನ್ನಾಗಿತ್ತು ಎಂದೇ ಹೇಳಬೇಕು. ವಿನ್ಸಿ ಒಳ್ಳೆಯ ಹುಡುಗ. ಸಂಜೆ ನನಗೆ ಸಿಹಿನೀರು ಹೊಯ್ದು ಉಪ್ಪು ತೊಳೆಯುತ್ತಿದ್ದ. ಬೆಳಿಗ್ಗೆ ಹೊರಡುವ ಮೊದಲು ಒಂದು ಕೈಯಲ್ಲಿ ನನ್ನ ಕತ್ತು ಎತ್ತಿ ನೋಡುವುದು ಅವನ ಕ್ರಮ. ನಾನು ಜಪ್ಪಯ್ಯ ಎನ್ನುತ್ತಿರಲಿಲ್ಲ. "ಸಮ ಇತ್ತ್" ಎಂದು ನನ್ನ ಕತ್ತು ತಟ್ಟಿ, ಇನ್ನೊಬ್ಬನನ್ನು ಕರೆದು ಜೀಪಿಗೆ ಸಿಕ್ಕಿಸುತ್ತಿದ್ದ.

ಐದನೇ ವರ್ಷ ಗ್ರಹಚಾರ ಶುರುವಾಯಿತು. ಆ ಬೇಸಿಗೆಯಲ್ಲಿ ಒಂದಾದ ಮೇಲೊಂದು ಎಡವಟ್ಟು. ಜಲಕನ್ಯೆಯ ಇಂಜಿನ್ ಎರಡು ಸಲ ನಡುನೀರಿನಲ್ಲಿ ನಿಂತಿತು. ಹಾಸನದಿಂದ ಬಂದ ಒಬ್ಬರು ಸ್ಕೂಟರಿನಿಂದ ಬಿದ್ದು ಹಲ್ಲು ಮುರಿದುಕೊಂಡರು. ಜನ ಬರುವುದು ಕಡಿಮೆಯಾಯಿತು. ಇಂಜಿನ್ನಿಗೆ ಎಣ್ಣೆ ಬದಲಿಸದೆ ವರ್ಷವಾಗಿತ್ತು, ಅದು ನನಗೂ ಗೊತ್ತು, ವಿನ್ಸಿಗೂ ಗೊತ್ತು. ಆದರೆ ಜಯಕರನ ತಂದೆ ಬಚ್ಚ ಕಾಂಚನ್ನರಿಗೆ ಬೇರೆಯೇ ಕಾರಣ ಕಂಡಿತು. ಎಪ್ಪತ್ತೈದು ದಾಟಿದ ಮುದುಕರು, ನಲವತ್ತು ವರ್ಷ ಮೀನಿಗೆ ಹೋದವರು. ಒಂದು ದಿನ ದಂಡೆಗೆ ಬಂದು, ಜೀಪು ನನ್ನನ್ನು ನೀರಿಗೆ ತಳ್ಳುವುದನ್ನೂ ದೋಣಿ ಇಳಿಯುವುದನ್ನೂ ನೋಡಿ ಹಣೆ ಚಚ್ಚಿಕೊಂಡರು.

"ಕಡ್ಲ್ ತಾಯಿಗೆ ಕುಂಡಿ ತೋರ್ಸ್ಕಂಡ್ ಇಳಿಸ್ತ್ರಿ ದೋಣಿನ! ಮತ್ತೆ ಉದ್ಧಾರ ಆತ್ತಾ? ನಮ್ ಕಾಲದಂಗೆ ದೋಣಿ ಮೂತಿ ಮುಂದ್ ಮಾಡಿಯೇ ನೀರ್ ಮುಟ್ಟದ್."

ಅವರ ಮಾತು ಸುಳ್ಳಲ್ಲ. ಮರಳಿನ ಮೇಲಿಂದ ಹತ್ತು ಜನ ಹೆಗಲು ಕೊಟ್ಟು ನೂಕುವ ದೋಣಿ ಮೂತಿ ಮುಂದಾಗಿಯೇ ಅಲೆಗೆ ಇಳಿಯುತ್ತದೆ. ಅದು ಅವರ ಮರ್ಯಾದೆ. ಆದರೆ ಟ್ರೇಲರಿನ ಮೇಲೆ ದೋಣಿಯ ಮೂತಿ ಜೀಪಿನ ಕಡೆಗಿರುತ್ತದೆ, ಜೀಪು ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ದೋಣಿಯ ಹಿಂಬದಿಯೇ ಮೊದಲು ನೀರು ಮುಟ್ಟುತ್ತದೆ. ಇದನ್ನು ಮುದುಕರಿಗೆ ಹೇಳುವವರು ಯಾರು? ಜಯಕರನೂ ಹೇಳಲಿಲ್ಲ. ಸೋತವನಿಗೆ ಇಂಜಿನ್ ಎಣ್ಣೆಗಿಂತ ಕಡಲ ತಾಯಿಯ ಸಿಟ್ಟೇ ಒಪ್ಪಿಕೊಳ್ಳಲು ಸುಲಭ.

"ಆಯ್ತ್ ಅಪ್ಪಯ್ಯ" ಎಂದ. "ಈ ಸಲ ನೂಲ ಹುಣ್ಣಿಮಿ ಪೂಜೆ ದಿನ ಮೂತಿ ಮುಂದ್ ಮಾಡಿಯೇ ಇಳಿಸುವ."

ನೂಲ ಹುಣ್ಣಿಮೆ ಎಂದರೆ ಮಳೆಗಾಲ ಇಳಿಯುವ ಹೊತ್ತು. ಮೀನುಗಾರರೆಲ್ಲ ಕಡಲಿಗೆ ಹಾಲು, ಹೂವು, ತೆಂಗಿನಕಾಯಿ ಅರ್ಪಿಸಿ ಹೊಸ ವರ್ಷದ ಕೆಲಸ ಶುರು ಮಾಡುತ್ತಾರೆ. ಹಿಂದಿನ ದಿನ ಜಯಕರ ಬೇರೆ ಯಾರನ್ನೋ ಕರೆಸಿ ನನ್ನ ಹಿಂದಿನ ತೊಲೆಗೆ ಎರಡು ತೂತು ಕೊರೆಸಿದ. ಫೆಲಿಕ್ಸನಿಗೆ ಒಂದು ಮಾತು ಹೇಳಲಿಲ್ಲ. ಜಲಕನ್ಯೆಯನ್ನು ತಿರುಗಿಸಿ ಕೂರಿಸಿದರು, ಮೂತಿ ಹಿಂದೆ, ಇಂಜಿನ್ ಮುಂದೆ. ಇಂಜಿನ್ ನನ್ನ ಕತ್ತಿನ ಹಲಗೆಗೆ ತಾಗುತ್ತದೆಂದು ಇಡೀ ದೋಣಿಯನ್ನು ಒಂದೂವರೆ ಮೊಳ ಹಿಂದಕ್ಕೆ ಸರಿಸಿದರು. ಅಷ್ಟಾದರೂ ಇಂಜಿನ್ ಅಡ್ಡವಾಗಿ ಕತ್ತಿನ ಮೇಲೆ ಸ್ಕೂಟರಿಗೆ ಜಾಗ ಸಾಲಲಿಲ್ಲ. ಅದನ್ನು ತೆಗೆದು ನನ್ನ ಬಾಲದ ತುದಿಯಲ್ಲಿ, ಹೊಸ ತೂತುಗಳಿಗೆ ಕ್ಲಾಂಪು ಹಾಕಿ ಬಿಗಿದರು. ನನ್ನ ಬೆನ್ನೆಲುಬು ಕಿರ್ರ್ ಅಂದಿತು. ಯಾರು ಕೇಳಬೇಕು?

ಮರುದಿನ ಬೆಳಿಗ್ಗೆ ವಿನ್ಸಿ ಬಂದು ಅಭ್ಯಾಸದಂತೆ ಒಂದು ಕೈ ಹಾಕಿದ.

ನಾನು ಎದ್ದೆ. ಹತ್ತಿ ಮೂಟೆ ಎದ್ದ ಹಾಗೆ ಎದ್ದೆ. ಬೇಡ ಬೇಡ ಎಂದು ನನ್ನ ಸರ್ವಾಂಗ ಕೂಗುತ್ತಿತ್ತು, ಆದರೂ ಎದ್ದೆ. ಮಾಡಿದ ಕೈಗೆ ಕೊಟ್ಟ ಮಾತನ್ನು ನಾನು ಮುರಿದದ್ದು ಅದೇ ಮೊದಲು.

ವಿನ್ಸಿಯ ಮುಖ ಬಿಳಿಚಿತು. ನನ್ನನ್ನು ಕೆಳಗಿಟ್ಟ, ಮತ್ತೆ ಎತ್ತಿದ. "ಜಯಕರಣ್ಣ, ಒಂದೇ ಕೈಯಂಗೆ ಏಳತ್ತಲೆ ಇದ್. ಅಣ್ಣ ಹೇಳಿದ್ದ..."

"ನಿನ್ ಅಣ್ಣ ಹೇಳದ್ ವೇದವಾಕ್ಯ ಅಲ್ದಾ?" ಎಂದ ಜಯಕರ. ಬಿಳಿ ಪಂಚೆ ಉಟ್ಟು, ಹರಿವಾಣ ಹಿಡಿದು ನಿಂತಿದ್ದ. "ಆರ್ ಕಿಲೋಮೀಟರ್ ದಾರಿ. ಮೆಲ್ಲ ಬಿಡ್. ಅಲ್ಲ್ ಭಟ್ರ್ ಕಾಯ್ತಾ ಇದ್ರ್. ಬಿಡುಕಾಗ ಅಂದ್ರೆ ಹೇಳ್, ಬೇರೆ ಡ್ರೈವರ್ ಸಿಕ್ತ."

ವಿನ್ಸಿ ಸ್ಕೂಟರಿನ ಕ್ಲಾಂಪು ಜಗ್ಗಿ ನೋಡಿದ. ಆಮೇಲೆ ನನ್ನನ್ನು ಜೀಪಿಗೆ ಸಿಕ್ಕಿಸಿದ, ಒಬ್ಬನೇ.

ಜಯಕರ ಅವನ ಪಕ್ಕದ ಸೀಟಿಗೆ ಹತ್ತಿ ಕೂತ. ಮೂರು ಕಿಲೋಮೀಟರ್ ಹೇಗೋ ಹೋದೆವು. ಸೇತುವೆ ದಾಟಿ ಇಳಿಜಾರು ಬಂತು. ಜೀಪಿಗೆ ವೇಗ ಬಂತು, ನನ್ನ ಬಾಲ ಆಡತೊಡಗಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಪ್ರತಿ ಸಲವೂ ಇನ್ನಷ್ಟು ದೂರ. ವಿನ್ಸಿ ಬ್ರೇಕು ತುಳಿದ, ಅದು ಇನ್ನೂ ಕೆಟ್ಟದಾಯಿತು. ಎದುರಿನಿಂದ ಒಬ್ಬಳು ಹೆಂಗಸು ರಸ್ತೆಯ ಅಂಚಿನಲ್ಲಿ ನಡೆದು ಬರುತ್ತಿದ್ದಳು. ಮೀನು ಮಾರುವ ಸೀತು. ಕಡಲಿಗೆ ಹೂವು ಬಿಟ್ಟು, ಕೈಯಲ್ಲಿ ಕಾಯಿಯ ಕಡಿ ಹಿಡಿದುಕೊಂಡು ಮನೆಗೆ ಹೊರಟಿದ್ದಳು. ನನ್ನ ಬಾಲ ಹೋಗಿ ಅವಳ ಸೊಂಟಕ್ಕೆ ಬಡಿಯಿತು.

ಬಡಿದದ್ದು ನಾನು. ಯಾರದೇ ತಪ್ಪಿರಲಿ, ಆ ಎಲುಬು ಮುರಿದ ಸದ್ದು ನನ್ನ ಕಬ್ಬಿಣದಲ್ಲಿದೆ.

ಆಮೇಲೆ ನಾನು ಗದ್ದೆಗೆ ಉರುಳಿದೆ. ಉರುಳುವಾಗ ಕತ್ತು ತಿರುಚಿ ಬೆಸುಗೆ ಹರಿಯಿತು. ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ. ಬಿದ್ದ ಮೇಲೆ ಹರಿದದ್ದು, ಹರಿದದ್ದರಿಂದ ಬಿದ್ದದ್ದಲ್ಲ. ಜಲಕನ್ಯೆ ಕೆಸರಿನಲ್ಲಿ ಬೋರಲು ಬಿದ್ದಿದ್ದಳು, ಸ್ಕೂಟರ್ ಇನ್ನೆಲ್ಲೋ ಹೋಗಿತ್ತು. ಯಾವುದು ಹೇಗೆ ಕೂತಿತ್ತು ಎಂದು ಹೇಳುವ ಗುರುತೇ ಉಳಿದಿರಲಿಲ್ಲ.

ಸೇರಿದ ಜನರ ಕಣ್ಣಿಗೆ ಬಿದ್ದದ್ದು ಹರಿದ ಕತ್ತು. ಜಯಕರನಿಗೆ ಅಷ್ಟೇ ಸಾಕಾಯಿತು.

"ಕಾಣಿ, ಕಾಣಿ, ವೆಲ್ಡಿಂಗೇ ಬಿಟ್ಟಿತ್ತ್!" ಎಂದು ಕೂಗಿದ. "ಯಾವತ್ತಿನ್ ಹಾಂಗೇ ಹೇರಿದ್ದ್. ಎಂಥ ಕೆಲ್ಸ ಮಾಡಿದ್ದ ಮಾರ್ರೆ ಆ ಫೆಲಿಕ್ಸ್! ಅಲ್ದಾ ವಿನ್ಸಿ?"

ವಿನ್ಸಿಯ ಹಣೆಯಿಂದ ರಕ್ತ ಇಳಿಯುತ್ತಿತ್ತು. ಗದ್ದೆಯಲ್ಲಿ ಮಲಗಿ ನಾನು ಅವನ ಬಾಯನ್ನೇ ನೋಡುತ್ತಿದ್ದೆ. ಅಣ್ಣನ ಕೈಯಲ್ಲಿ ಬೆಳೆದವನು, ಹೇಳುತ್ತಾನೆ ಎಂದುಕೊಂಡೆ. ಅವನು ಹೇಳಲಿಲ್ಲ. ತಲೆ ಆಡಿಸಿದ. ಹೌದು ಎಂದು ಆಡಿಸಿದ.

ನನ್ನನ್ನು ಜಯಕರ ತನ್ನ ಶೆಡ್ಡಿನೊಳಗೆ ಹಾಕಿ ಬೀಗ ಜಡಿದ. ಹರಿದ ಕತ್ತಿನ ತುದಿಯನ್ನು ಮಾತ್ರ ಗರಗಸದಲ್ಲಿ ಕೊಯ್ಯಿಸಿ, ವಿನ್ಸಿಯ ಕೈಯಲ್ಲೇ ಫೆಲಿಕ್ಸನಿಗೆ ಕಳಿಸಿದ. ನೋಡಿಕೋ ನಿನ್ನ ಕೆಲಸ ಎಂದು. ತಮ್ಮ ಆ ತುಂಡನ್ನು ಅಣ್ಣನ ಮುಂದೆ ಇಟ್ಟನಂತೆ, ಇಟ್ಟು ಸುಮ್ಮನೆ ನಿಂತನಂತೆ. ಫೆಲಿಕ್ಸ್ ತನ್ನದೇ ಸುರುಳಿ ಇರುವ ಹರಿದ ಬೆಸುಗೆಯನ್ನು ತಿರುಗಿಸಿ ತಿರುಗಿಸಿ ನೋಡಿ ಗೋಡೆಯ ಮೊಳೆಗೆ ತೂಗುಹಾಕಿದನಂತೆ.

ಇದೆಲ್ಲ ನನಗೆ ಗೊತ್ತಾದದ್ದು ತುಂಬ ವರ್ಷದ ಮೇಲೆ. ಅಷ್ಟರಲ್ಲಿ ಯಾರೋ ಒಬ್ಬ ನನಗೆ ಬೇರೊಂದು ಕತ್ತು ಅಂಟಿಸಿದ. ಅದೂ ಒಂದು ಬೆಸುಗೆಯಾ? ಸಗಣಿ ತಟ್ಟಿದ ಹಾಗೆ ತಟ್ಟಿದ್ದ. ತೂತು, ಕ್ಲಾಂಪು ಎಲ್ಲದರ ಮೇಲೂ ಕಪ್ಪು ಬಣ್ಣ ಬಳಿದು, ನನ್ನನ್ನು ಐಸ್ ಫ್ಯಾಕ್ಟರಿಯವರಿಗೆ ದಾಟಿಸಿದರು. ಆರು ವರ್ಷ ಮಂಜುಗಡ್ಡೆ ಹೊತ್ತೆ. ಮಂಜುಗಡ್ಡೆಗೆ ಮುಂದೂ ಇಲ್ಲ, ಹಿಂದೂ ಇಲ್ಲ, ದಾರಿಯುದ್ದಕ್ಕೂ ನನ್ನ ಮೈಮೇಲೆ ಅಳುವುದೊಂದೇ ಅದರ ಕೆಲಸ. ಫ್ಯಾಕ್ಟರಿ ಮುಚ್ಚಿದ ಮೇಲೆ ಮೀನು ಮಾರ್ಕೆಟ್ಟಿನ ಹಿಂದೆ ತಂದು ಬಿಟ್ಟರು. ಒಂದು ವಾರದಲ್ಲಿ ಒಂದು ಚಕ್ರ ಹೋಯಿತು, ಇನ್ನೊಂದು ವಾರದಲ್ಲಿ ಇನ್ನೊಂದು.

ಬೆಂಚಿನಂತೆ ಬಿದ್ದ ನನ್ನ ಮೇಲೆ ಹೆಂಗಸರು ಬುಟ್ಟಿ ಇಟ್ಟುಕೊಂಡು ಮೀನು ಮಾರತೊಡಗಿದರು. ಒಂದು ಬೆಳಿಗ್ಗೆ ಕುಂಟುತ್ತ ಒಬ್ಬಳು ಬಂದು ನನ್ನ ಬಾಲದ ಮೇಲೆಯೇ ಕೂತಳು. ಕೈಯಲ್ಲಿ ಕಬ್ಬಿಣದ ನಾಲ್ಕು ಕಾಲಿನ ಊರುಗೋಲು. ಅದರ ಬೆಸುಗೆಯ ಕೊನೆಯಲ್ಲಿ ಸಣ್ಣ ಸುರುಳಿ! ನನ್ನ ಜೀವ ಝಲ್ಲೆಂದಿತು. ಕೂತವಳು ಸೀತು. ತನ್ನ ಸೊಂಟ ಮುರಿದ ಕಬ್ಬಿಣದ ಮೇಲೆಯೇ ಕೂತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ನೀಲಿ ಹೋಗಿ ಕಪ್ಪಾದವನನ್ನು ಯಾರು ಗುರುತು ಹಿಡಿಯುತ್ತಾರೆ?

ಉಳಿದದ್ದನ್ನು ಆ ಹೆಂಗಸರ ಮಾತಿನಿಂದ ತಿಳಿದೆ. ಫೆಲಿಕ್ಸನ ಹೆಸರು ಮಣ್ಣುಪಾಲಾಗಿತ್ತು. ಭಾರ ಹೊರುವ ಯಾವ ಕೆಲಸವನ್ನೂ ಅವನಿಗೆ ಯಾರೂ ಕೊಡುತ್ತಿರಲಿಲ್ಲ. ಕೊಟ್ಟರೂ ಅವನೇ ಮುಟ್ಟುತ್ತಿರಲಿಲ್ಲ. ಏಣಿ ಮಾಡಿಕೊಡು ಎಂದು ಬಂದವರನ್ನೂ ವಾಪಸು ಕಳಿಸುತ್ತಿದ್ದನಂತೆ. ಕಿಟಕಿಯ ಸರಳು, ಗೇಟು, ಹೂಕುಂಡದ ಸ್ಟ್ಯಾಂಡು, ಇಷ್ಟೇ. ಸೀತು ಆಸ್ಪತ್ರೆಯಿಂದ ಬಂದ ವಾರವೇ ಆ ಊರುಗೋಲು ಮಾಡಿ ತಂದುಕೊಟ್ಟಿದ್ದ. ಆಮೇಲೆ ಪ್ರತಿ ಭಾನುವಾರ ಇಗರ್ಜಿಯಿಂದ ಸೀದಾ ಬಂದು ಅವಳಲ್ಲೇ ಮೀನು ಕೊಳ್ಳುತ್ತಿದ್ದ. ತಂದದ್ದು ಹಳಸಿದ್ದರೂ ಮಾತಾಡುತ್ತಿರಲಿಲ್ಲ. ವಿನ್ಸಿ ಜಯಕರನ ಹೊಸ ರೆಸಾರ್ಟಿಗೆ ಮ್ಯಾನೇಜರನಾಗಿದ್ದ. ವರ್ಷ ವರ್ಷ ಹೊಸ ಅಕ್ಕಿ ಹಬ್ಬಕ್ಕೆ ಅಣ್ಣನ ಮನೆಗೆ ಬಂದು, ಗೋಡೆಯಲ್ಲಿ ತೂಗುವ ಆ ತುಂಡಿನ ಎದುರು ಉಂಡು ಹೋಗುತ್ತಿದ್ದ. ಅನ್ನ ಹೇಗೆ ಇಳಿಯುತ್ತಿತ್ತೋ ಆ ಗಂಟಲಲ್ಲಿ!

ಹೋದ ಆಗಸ್ಟಿನ ಒಂದು ಭಾನುವಾರ. ಸೀತುವಿನ ಊರುಗೋಲಿನ ಒಂದು ಕಾಲು 'ಸಡಿಲ ಆಯ್ತ್' ಎಂದು ಫೆಲಿಕ್ಸ್ ಸ್ಪಾನರು ಹಿಡಿದು ಬಂದ. ಅದುವರೆಗಿನ ಭಾನುವಾರಗಳಲ್ಲಿ ನನಗೆ ಕಂಡದ್ದು ಅವನ ಬೂಟು ಮಾತ್ರ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನೆಲದ ಮೇಲೆ ಕೂತ, ಆಗ ಅವನ ಕಣ್ಣು ನನ್ನ ತೊಲೆಯ ನೇರಕ್ಕೆ ಬಂತು. ಮೀನಿನ ನೀರು, ಉಪ್ಪು ಬಿದ್ದು ಬಿದ್ದು ನನ್ನ ಕಪ್ಪು ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿತ್ತು. ಅವನ ಕೈ ನಿಂತಿತು. ಬೆರಳಿನಿಂದ ತುಕ್ಕು ಕೆರೆದ. ಸುರುಳಿ ಸಿಕ್ಕಿತು.

"ನೀನಾ?" ಎಂದ.

ನಾನೇ, ನಾನೇ ಎಂದು ಕೂಗಬೇಕೆನಿಸಿತು. ಹಾಳು ಕಬ್ಬಿಣಕ್ಕೆ ಬಾಯಿ ಎಲ್ಲಿಂದ ಬರಬೇಕು? ಅವನು ತೆವಳುತ್ತ ನನ್ನ ಸುತ್ತ ಬಂದ. ಪ್ರತಿ ಬೆಸುಗೆಯನ್ನೂ ಮುಟ್ಟಿ ನೋಡಿದ, ಒಂದೂ ಬಿಟ್ಟಿರಲಿಲ್ಲ. ಹಿಂದಿನ ತೊಲೆಗೆ ಬಂದವನು ಸೀತುವನ್ನು ಏಳಿಸಿದ. ತಾನು ಕೊರೆಯದ ಎರಡು ತೂತು. ತಾನು ಹಾಕದ ಕ್ಲಾಂಪಿನ ಮೋಟು. ಕೆಳಕ್ಕೆ ಬಾಗಿದ ತೊಲೆ. ತೊಲೆಗೆ ಉಜ್ಜಿ ಹತ್ತಿದ ಹಳದಿ ಬಣ್ಣ, ಅಂಗೈಯಗಲ.

"ಸ್ಕೂಟರ್ ಹಿಂದೆ ಎಂತಕ್ಕೆ ಬಂತ್?" ಎಂದು ತನ್ನಷ್ಟಕ್ಕೆ ಕೇಳಿಕೊಂಡ.

"ಹಿಂದೆಯೇ ಇತ್ತಲೆ!" ಎಂದಳು ಸೀತು. "ಹೋಯ್, ಇದ್ ಅದೇ ಗಾಡಿಯಾ? ನಾ ಇದ್ರ ಮೇಲೆ ಕೂತ್ಕಂಡ್ ಮೀನ್ ಮಾರೂದಾ? ಅಯ್ಯೋ ದೇವ್ರೇ!" ಆಮೇಲೆ ಅವನ ಮುಖ ನೋಡಿ ದನಿ ತಗ್ಗಿಸಿದಳು. "ಅವತ್ತ್ ದೋಣಿ ತಿರ್ಗ್ಸಿ ಇಟ್ಟಿದ್ರಲೆ ಮಾರಾಯಾ. ಇಂಜಿನ್ ಮುಂದೆ, ಮೂತಿ ಹಿಂದೆ, ಅದ್ರ್ ಹಿಂದ್ ಹಳ್ದಿ ಸ್ಕೂಟರ್. ಎದ್ರಿಂದ ಬಪ್ಪತಿಗೆ ಕಂಡ್ ನಂಗೆ ನೆಗಿ ಬಂದಿತ್ತ್. ಇದೆಂತ ದೋಣಿ ಸಿಟ್ಟ್ ಮಾಡ್ಕಂಡ್ ತಿರ್ಗಿ ಕೂತಿತ್ತ್ ಅಂದೇಳಿ. ನೆಗ್ಯಾಡ್ತಾ ಇಪ್ಪತಿಗೇ ಬಂದ್ ಹೊಡ್ದದ್."

"ನೀನ್ ಯಾರಿಗೂ ಹೇಳ್ಳಿಲ್ಯಾ?"

"ಯಾರ್ ಕೇಂಡ್ರ್ ನನ್ನ? ಆಸ್ಪತ್ರಿಗೆ ಬಂದ್ರ್, ನನ್ ಹೆಸ್ರ್ ಕೇಂಡ್ರ್, ಗಂಡನ್ ಹೆಸ್ರ್ ಕೇಂಡ್ರ್, ಹೆಬ್ಬೆಟ್ಟ್ ಒತ್ತಿಸ್ಕಂಡ್ ಹೋದ್ರ್." ಸೀತು ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಂಗೆ ಗೊತ್ತಿತ್ತ್ ಅಂದ್ಕಂಡಿದ್ದೆ. ಗಾಡಿ ಬಿಟ್ಟದ್ ನಿನ್ ತಮ್ಮನೇ ಅಲ್ದಾ? ತಮ್ಮ ಮಾಡಿದ್ದಕ್ಕೆ ಅಣ್ಣ ನನ್ ಮೀನ್ ತಕಂಡ್ ಹೋತ, ಪಾಪದವ ಅಂದ್ಕಂಡಿದ್ದೆ. ಅವ ಹೇಳ್ಳಿಲ್ಯಾ ನಿಂಗೆ?"

ಫೆಲಿಕ್ಸ್ ಸ್ಪಾನರು ತೆಗೆದುಕೊಂಡು ಊರುಗೋಲಿನ ಕಾಲು ಬಿಗಿದ. ಅಗತ್ಯಕ್ಕಿಂತ ಜಾಸ್ತಿ ಬಿಗಿದ. ಮೀನು ಮರೆತು ಹೋದ.

ಮುಂದಿನ ಭಾನುವಾರ ಬಂದಾಗ ಅವನ ಕಂಕುಳಲ್ಲಿ ಗೋಣಿಯಲ್ಲಿ ಸುತ್ತಿದ ಒಂದು ಗಂಟು ಇತ್ತು. ನನ್ನ ಪಕ್ಕ ನಿಂತು ಫೋನು ಹಚ್ಚಿ, ಒಳ್ಳೇ ಮೀನು ಬಂದಿದೆ ಬಾ ಎಂದು ತಮ್ಮನನ್ನು ಕರೆದ. ಅರ್ಧ ಗಂಟೆಯಲ್ಲಿ ರೆಸಾರ್ಟಿನ ಜೀಪು ಬಂತು. ಪಾಲಿಶು ಮಾಡಿದ ಬೂಟು ಕೆಸರು ತಪ್ಪಿಸಿಕೊಂಡು ನನ್ನ ಹತ್ತಿರ ಬಂತು. ನನಗೆ ದಿನಾ ಸಿಹಿನೀರು ಹೊಯ್ದ ಕಾಲು ಅದೇ ಎಂದು ನಂಬಲು ಕಷ್ಟವಾಯಿತು.

ಫೆಲಿಕ್ಸ್ ಕನ್ನಡದಲ್ಲಿ ಕೇಳಿದ. ಮಾರ್ಕೆಟ್ಟಿಗೆಲ್ಲ ಕೇಳುವ ಹಾಗೆ ಕೇಳಿದ.

"ವಿನ್ಸಿ, ಹುಣ್ಣಿಮಿ ದಿನ ಬೆಳಿಗ್ಗೆ ಇದ್ರ ಕತ್ತ್ ಎಷ್ಟ್ ಕೈಯಂಗೆ ಎತ್ತಿದ್ದೆ ನೀನ್?"

ವಿನ್ಸಿ ನನ್ನನ್ನು ನೋಡಿದ, ಬಾಗಿದ ತೊಲೆ ನೋಡಿದ, ಸೀತುವನ್ನು ನೋಡಿದ. ಮನೆಗೆ ಹೋಗಿ ಮಾತಾಡುವ ಎಂದು ಕೊಂಕಣಿಯಲ್ಲಿ ಗೊಣಗಿದ.

"ಮನಿಯಂಗೆ ಒಂಬತ್ ವರ್ಷ ಮಾತಾಡುಕಾಯ್ಲಿಲ್ಲೆ ನಿಂಗೆ. ಇಲ್ಲೇ ಹೇಳ್. ಒಂದಾ, ಎರಡಾ?"

ಮೀನು ಕೊಯ್ಯುವ ಕತ್ತಿಗಳೆಲ್ಲ ನಿಂತವು.

"ಒಂದ್" ಎಂದ ವಿನ್ಸಿ.

"ಕೇಣುದಿಲ್ಲೆ."

"ಒಂದೇ ಕೈಯಂಗೆ, ಅಣ್ಣ." ಅವನು ಬಗ್ಗಿ ನನ್ನ ತೊಲೆ ಹಿಡಿದುಕೊಂಡ. "ಆಗಳ್ ಮಗ್ಳ್ ಹುಟ್ಟಿ ಇಪ್ಪತ್ ದಿನ ಆಗಿತ್ತ್. ಕೆಲ್ಸ ಹೋತ್ತ್ ಅಂದೇಳಿ ಹೆದ್ರಿಕಿ ಆಯ್ತ್. ಒಂದೆರಡ್ ತಿಂಗ್ಳ್ ಬಿಟ್ಟ್ ಹೇಳುವ ಅಂದ್ಕಂಡೆ. ಮತ್ತೆ ಹೇಳುಕೇ ಆಯ್ಲಿಲ್ಲೆ."

"ನಿನ್ ಕೆಲ್ಸ ಉಳೀತ್" ಎಂದ ಫೆಲಿಕ್ಸ್. "ನನ್ ಕೈ ಹೋಯ್ತ್. ಒಂಬತ್ ವರ್ಷ ನನ್ ಕೈಯನ್ನೇ ನಾ ನಂಬ್ಲಿಲ್ಲೆ ವಿನ್ಸಿ. ಈ ಹೆಂಗ್ಸಿನ್ ಸೊಂಟ ನಾನೇ ಮುರ್ದದ್ ಅಂದೇಳಿ ದಿನಾ ಮಲಗಿದೆ, ದಿನಾ ಎದ್ದೆ. ನೀನ್ ನನ್ ಎದ್ರೇ ಕೂತ್ಕಂಡ್ ಉಂಡೆ."

ಗೋಣಿ ಬಿಚ್ಚಿದ. ನನ್ನ ಕತ್ತು! ಒಂದೂವರೆ ಗೇಣಿನ ತುಂಡು, ತುದಿಯಲ್ಲಿ ಸುರುಳಿ. ಒಂಬತ್ತು ವರ್ಷದ ಮೇಲೆ ನನ್ನದೇ ಮೈಯನ್ನು ಮೂರು ಅಡಿ ದೂರದಿಂದ ನೋಡಿದೆ. ಅದಕ್ಕೆ ತುಕ್ಕಿರಲಿಲ್ಲ. ಅವನು ಎಣ್ಣೆ ಒರೆಸಿ ಇಟ್ಟುಕೊಂಡಿದ್ದ.

"ತಕೋ" ಎಂದ. "ಇಷ್ಟ್ ವರ್ಷ ನನ್ ಗ್ವಾಡಿಯಂಗೆ ಇತ್ತ್. ಇನ್ ನಿನ್ ಗ್ವಾಡಿಯಂಗೆ ತೂಗ್ಹಾಕ್."

ಇದರಿಂದ ಲೋಕವೇನೂ ಬದಲಾಗಲಿಲ್ಲ. ಜಯಕರನ ರೆಸಾರ್ಟಿನ ಬೋರ್ಡು ಇನ್ನೂ ಥಳಥಳ ಹೊಳೆಯುತ್ತದೆಯಂತೆ. ಸೀತುವಿನ ಸೊಂಟ ನೆಟ್ಟಗಾಗಲಿಲ್ಲ. ಫೆಲಿಕ್ಸ್ ತಪ್ಪು ಮಾಡಿರಲಿಲ್ಲ ಎಂಬುದು ಏಳು ಜನ ಮೀನಿನ ಹೆಂಗಸರಿಗೆ ಗೊತ್ತಾಯಿತು, ಅವರು ನಾಲ್ಕು ದಿನ ಆಡಿಕೊಂಡರು, ಐದನೇ ದಿನ ಬಂಗುಡೆ ಬಂತು. ಏಣಿ ಬೇಕು ಎಂದು ಕೇಳಲು ಅವನ ಶಾಪಿಗೆ ಇನ್ನೂ ಯಾರೂ ಹೋಗಿಲ್ಲ. ಹೋದರೆ ಮಾಡಿಕೊಡುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಇನ್ನೊಂದು ಮಳೆಗಾಲಕ್ಕೆ ನನ್ನ ನಡು ಕಳಚಿ ಬೀಳುತ್ತದೆ. ಬೀಳಲಿ, ಸಾಕಾಗಿದೆ. ನನ್ನ ಬೆಸುಗೆ ಬಿಟ್ಟಿರಲಿಲ್ಲ ಎಂದು ಬೆಸೆದವನಿಗೆ ತಿಳಿಯಿತಲ್ಲ.

ನನಗೆ ಮರೆಯಲಾಗದಿರುವುದು ಆ ದಿನ ಕೊನೆಗೆ ಕಂಡದ್ದು. ಆ ತುಂಡು ಏನೂ ಭಾರವಿಲ್ಲ. ಫೆಲಿಕ್ಸ್ ಅದನ್ನು ಒಂದೇ ಕೈಯಲ್ಲಿ ಚಾಚಿ ಹಿಡಿದಿದ್ದ. ವಿನ್ಸಿ ಒಂದು ಕೈ ಮುಂದೆ ಮಾಡಿದ. ತೆಗೆದುಕೊಳ್ಳಲಾಗಲಿಲ್ಲ. ಇನ್ನೊಂದು ಕೈಯನ್ನೂ ಕೊಟ್ಟು, ಎದೆಗೆ ಒತ್ತಿಕೊಂಡು, ಜೀಪಿನವರೆಗೆ ಹೊತ್ತುಕೊಂಡು ಹೋದ.